ದುರುಗಪ್ಪನ ಹೆಸರು ದುರುಗಪ್ಪನೇ

ಚಿ. ಮಗಳಿಗೆ,

ಸಿಂಧನೂರಿನಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮವಾಗಿದ್ದೇವೆ. ಮೊನ್ನೆ ಬಸ್ಸಿಗೆ ಹಾಕಿ ಕಳಿಸಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೈ ಸೇರಿತೇ ಎಂದು ಆಕೆ ಕೇಳುತ್ತಿದ್ದಾಳೆ. ಎಳ್ಳು ಹಚ್ಚಿ ಕಟಿಯಾಗಿ ಸುಟ್ಟ ರೊಟ್ಟಿ, ಬೇಗ ಕೆಡುವುದಿಲ್ಲ. ಕೆಲಸ ಹೆಚ್ಚಾದ ದಿನ ಮುರಿದು ಬಾಯಿಗೆ ಹಾಕಿಕೊಂಡರೂ ಆದೀತು ಎಂದು ಆಕೆ ಹೇಳುತ್ತಾಳೆ. ನಾನು ಹೇಳುವುದು, ಹೊತ್ತಿಗೆ ಸರಿಯಾಗಿ ಎದ್ದು ಉಣ್ಣು. ಕಣ್ಣು, ಬೆನ್ನು ಎರಡನ್ನೂ ಕಂಪ್ಯೂಟರಿನ ಮುಂದಿನ ಆ ಕುರ್ಚಿಗೆ ಕೊಟ್ಟುಬಿಡಬೇಡ.

ಹಟ್ಟಿಯ ನಿನ್ನ ಅಂಗಡಿಯಲ್ಲಿ ಮಾಡಿದ ಆ ಶ್ರದ್ಧಾಂಜಲಿ ಬ್ಯಾನರಿನ ಸಂಗತಿಯನ್ನು ನೀನು ಫೋನಿನಲ್ಲಿ ಅರ್ಧಕ್ಕೇ ಬಿಟ್ಟೆ. ದುರುಗಪ್ಪ ಎಂಬ ಹಿರಿಯರ ಹೆಸರು ‘ದುರ್ಗಪ್ಪ’ ಎಂದು ಅಚ್ಚಾಗಿತ್ತು, ಮಗ ಬಂದು ನೋಡಿ ಏನೂ ಅನ್ನದೆ ಸುತ್ತಿಕೊಂಡು ಹೋದ ಎಂದೆ. ಬೈದಿದ್ದರೂ ಚಲೋ ಇತ್ತು ಅಪ್ಪಾ ಎಂದೆ. ನಿನ್ನ ದನಿ ಕೇಳಿ ಸಂಕಟವಾಯಿತು. ಅಷ್ಟು ನೊಂದುಕೊಂಡೆಯಲ್ಲ ಎಂಬ ಸಮಾಧಾನವೂ ಜೊತೆಗೇ ಬಂತು. ಮೊದಲು ಒಂದು ಕೆಲಸ ಮಾಡು. ಆ ಬ್ಯಾನರನ್ನು ಬಟ್ಟೆಯ ಮೇಲೆ ಹೊಸದಾಗಿ ಮಾಡಿಸಿ, ನೀನೇ ಆ ಮನೆಗೆ ಹೋಗಿ ಕೊಟ್ಟು ಬಾ. ಹಣ ತೆಗೆದುಕೊಳ್ಳಬೇಡ. ಉಳಿದದ್ದನ್ನು ಸಾವಕಾಶ ಹೇಳುತ್ತೇನೆ, ಅಂಗಡಿ ಮುಚ್ಚಿದ ಮೇಲೆ ಓದು.

ನಿನ್ನ ದಿನಚರಿ ನನಗೆ ಗೊತ್ತಿಲ್ಲದ್ದಲ್ಲ. ಚಿನ್ನದ ಗಣಿಯ ಪಾಳಿ ಬಿಟ್ಟ ಹೊತ್ತಿಗೆ ನಿನ್ನ ಬಾಗಿಲಲ್ಲಿ ಮಂದಿ. ಒಬ್ಬರಿಗೆ ಲಗ್ನಪತ್ರಿಕೆ, ಒಬ್ಬರಿಗೆ ಹೊಸ ಆಟೊಗೆ ಸ್ಟಿಕ್ಕರು, ಇನ್ನೊಬ್ಬರಿಗೆ ಎಸ್‌ಎಸ್‌ಎಲ್‌ಸಿ ಪಾಸಾದ ಮಗಳ ಫೋಟೊ ಇರುವ ಬ್ಯಾನರು. ಏಪ್ರಿಲ್ ಬಂದರೆ ಅಂಬೇಡ್ಕರ್ ಜಯಂತಿ, ಅದರ ಹಿಂದೆ ಬಸವ ಜಯಂತಿ. ಮಳೆಗಾಲ ಮುಗಿಯುತ್ತಲೇ ವಾಲ್ಮೀಕಿ ಜಯಂತಿ, ಕನಕ ಜಯಂತಿ. ಗಣಿ ಕಾರ್ಮಿಕ ಸಂಘದ ಚುನಾವಣೆ ಬಂದರಂತೂ ಚಿಹ್ನೆಯ ಕರಪತ್ರಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಫೋಟೊ ಮಸುಕಾಗಿ ವಾಟ್ಸಾಪಿನಲ್ಲಿ ಬಂದಿರುತ್ತದೆ, ಹೆಸರುಗಳು ಧ್ವನಿ ಸಂದೇಶದಲ್ಲಿ. ‘ಹೆಂಗರ ಮಾಡಿ ಸಂಜಿಕ ಕೊಡ್ರಿ ಯಕ್ಕಾ’ ಎಂಬ ಒತ್ತಾಯ ಬೇರೆ. ನೀನು ಫೈಲು ಮುಗಿಸಿ ದೊಡ್ಡ ಯಂತ್ರವಿರುವ ಊರಿಗೆ ಕಳಿಸಬೇಕು, ಸುರುಳಿ ಬಸ್ಸಿನಲ್ಲಿ ಬರಬೇಕು. ನಡುವೆ ಕರೆಂಟು ಹೋದರೆ ಎಲ್ಲವೂ ನಿಂತಿತು. ಇಂಥ ಗಡಿಬಿಡಿಯಲ್ಲಿ ಒಂದು ಅರ್ಕಾವತ್ತು ಹೆಚ್ಚಾಗುವುದು ಯಾರ ಕೈಯಲ್ಲೂ ನಡೆದೀತು. ಆದರೂ ಇದು ಗಡಿಬಿಡಿಯಿಂದಷ್ಟೇ ಆದ ತಪ್ಪಲ್ಲ ಎಂದು ನನಗೆ ಅನ್ನಿಸುತ್ತದೆ.

ನಾನು ಅಚ್ಚಿನ ಮೊಳೆ ಜೋಡಿಸಲು ಕಲಿತಾಗ ಕೆಲಸವೇ ನಮ್ಮನ್ನು ನಿಧಾನ ಮಾಡುತ್ತಿತ್ತು. ಕನ್ನಡದ ಕೇಸಿನಲ್ಲಿ ಅಕ್ಷರಕ್ಕೊಂದು ಮನೆ, ಕಾಗುಣಿತಕ್ಕೊಂದು, ಒತ್ತಿಗೊಂದು. ಬಲಗೈಯಲ್ಲಿ ಮೊಳೆ ಹೆಕ್ಕಿ ಎಡಗೈಯ ಸ್ಟಿಕ್ಕಿನಲ್ಲಿ ನಿಲ್ಲಿಸುವುದು. ಅಕ್ಷರ ತಿರುವುಮುರುವಾಗಿ ಇರುವುದರಿಂದ ಕಣ್ಣಿಗಿಂತ ಬೆರಳೇ ಅದನ್ನು ಗುರುತಿಸಬೇಕು. ಲಗ್ನದ ತಿಂಗಳಲ್ಲಿ ‘ಶ್ರೀ’ ಮೊಳೆಗಳು ಮುಗಿದುಹೋಗುತ್ತಿದ್ದವು. ಒಂದು ಪತ್ರಿಕೆ ಅಚ್ಚಾಗಿ, ಮೊಳೆಗಳನ್ನು ತೊಳೆದು ಮನೆ ಮನೆಗೆ ಹಂಚುವವರೆಗೆ ಮುಂದಿನ ಮದುವೆಯವರು ಕಾಯಬೇಕಿತ್ತು. ಸಾಲು ಕಟ್ಟಿ, ಗ್ಯಾಲಿಯಲ್ಲಿಟ್ಟು, ಮಸಿ ಹಚ್ಚಿ ಒಂದು ಕರಡು ತೆಗೆಯುತ್ತಿದ್ದೆವು. ಟ್ರೆಡಲ್ ಯಂತ್ರಕ್ಕೆ ಏರಿಸುವ ಮುನ್ನ ಇಬ್ಬರು ಕೂತು ಅದನ್ನು ಓದುವುದು ನಿಯಮ. ಒಬ್ಬ ಗಿರಾಕಿ ಕೊಟ್ಟ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟು ಕೇಳಬೇಕು. ಬೆರಳು ನಿಂತಲ್ಲಿ ಕೆಂಪು ಗೆರೆ.

ಸಿಂಧನೂರಿಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನ ನಮ್ಮ ಪ್ರೆಸ್ಸಿಗೂ ಬರುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರಿಗೆ ಲಗ್ನಪತ್ರಿಕೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬೇಕು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಇಲ್ಲಿನ ಆರ್‌ಎಚ್ ಕ್ಯಾಂಪುಗಳಲ್ಲಿ ಮನೆ ಹೂಡಿದವರೂ ಬರುತ್ತಿದ್ದರು. ಅಂಥ ಒಬ್ಬ ತಂದೆ ಮಗಳ ಮದುವೆಯ ಕಾರ್ಡು ಮಾಡಿಸಲು ಬಂದಾಗ ಅವರ ಮನೆತನದ ಹೆಸರನ್ನು ನಾನು ‘ವಿಶ್ವಾಸ್’ ಎಂದು ಜೋಡಿಸಿದ್ದೆ. ಅದೇ ಸರಿ ಎಂದು ನಾನೇ ತೀರ್ಮಾನಿಸಿದ್ದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕರಡು ಗಟ್ಟಿಯಾಗಿ ಓದಿದಾಗ ಅವರು ತಲೆ ಎತ್ತಿ, ‘ಬಿಸ್ವಾಸ್’ ಎಂದು ಮೆಲ್ಲಗೆ ತಿದ್ದಿದರು. ಮೊಳೆ ಬದಲಿಸಿದೆ. ಓದದೆ ಬರೀ ತೋರಿಸಿದ್ದರೆ ಅವರು ಹೂಂ ಎನ್ನುತ್ತಿದ್ದರು, ಆ ಮಗಳ ಮದುವೆಯ ಕಾಗದದ ಮೇಲೆ ಬೇರೆ ಯಾರದೋ ಮನೆತನ ಇರುತ್ತಿತ್ತು.

ನಮ್ಮ ಸೀಮೆಯ ಹೆಸರುಗಳಿಗೆ ಒಂದೊಂದಕ್ಕೂ ಒಂದು ನೆಲೆ ಇದೆ ಮಗಳೇ. ಗುರುಗುಂಟಾದ ಅಮರೇಶ್ವರನಿಂದ ಮನೆಗೊಬ್ಬ ಅಮರೇಶ, ಅಮರಮ್ಮ. ಹೊಳೆಯಾಚೆಯ ತಿಂಥಣಿಯ ಮೌನೇಶ್ವರನಿಂದ ಮೌನೇಶ. ಮುದಗಲ್ಲಿನ ಮೊಹರಂಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ಹಿಂದೂ ಮನೆಗಳಲ್ಲೂ ಹುಸೇನಪ್ಪ, ಹುಸೇನಮ್ಮ ಎಂದು ಹೆಸರಿಡುತ್ತಾರೆ. ಹೊರಗಿನಿಂದ ಬಂದ ಕೆಲಸಗಾರನೊಬ್ಬ ‘ಹುಸೇನಪ್ಪ’ನನ್ನು ಕಂಡರೆ, ಇದು ತಪ್ಪಿರಬೇಕು ಎಂದು ಕೊನೆಯ ‘ಅಪ್ಪ’ನನ್ನು ಅಳಿಸಿಬಿಟ್ಟಾನು. ಅಳಿಸಿದರೆ ಆ ಮನೆಯ ಹರಕೆಯೇ ಅಳಿಸಿಹೋಗುತ್ತದೆ. ಹಾಗೆಯೇ ಈರಪ್ಪ ವೀರಪ್ಪನಲ್ಲ, ಲಕ್ಕವ್ವ ಲಕ್ಷ್ಮಮ್ಮಳಲ್ಲ. ಊರಮ್ಮ ದುರುಗಮ್ಮನ ಹೆಸರು ಹೊತ್ತು ಹುಟ್ಟಿ, ಕೇರಿಯವರೆಲ್ಲ ದುರುಗಪ್ಪ ಎಂದೇ ಕರೆದ ಮನುಷ್ಯ ಸತ್ತ ಮೇಲೆ ದುರ್ಗಪ್ಪ ಆಗಬಾರದು. ನೀನು ಅದನ್ನು ಗಡಿಬಿಡಿಯಲ್ಲಿ ತಪ್ಪಾಗಿ ಒತ್ತಲಿಲ್ಲ, ಓದಿದವಳಾದ್ದರಿಂದ ನಿನ್ನ ಕೈ ತಾನಾಗಿ ತಿದ್ದಿತು ಎಂಬುದು ನನ್ನ ಅನುಮಾನ. ಕಲಿತವರಾದ ನಮಗೆಲ್ಲ ಇರುವ ಚಟ ಅದು. ಕಾಗುಣಿತ ತಿದ್ದು, ವಾಕ್ಯ ತಿದ್ದು, ತೇದಿ ತಪ್ಪಾಗಿದ್ದರೆ ಕೇಳಿ ತಿದ್ದು. ಮನುಷ್ಯರ ಹೆಸರನ್ನು ಮಾತ್ರ ತಿದ್ದಲು ಹೋಗಬೇಡ.

ಹೆಸರಿನ ಮಾತು ಬಂದರೆ ನನ್ನ ಮನಸ್ಸು ಮಸ್ಕಿಗೆ ಹೋಗುತ್ತದೆ. ಅಲ್ಲಿನ ಬಂಡೆಯ ಮೇಲಿರುವ ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1915ರಲ್ಲಿ. ಅದನ್ನು ಕಂಡುಹಿಡಿದವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಚಿನ್ನ ಹುಡುಕುವ ನಿಮ್ಮೂರಿನ ಕಸುಬಿನವನೇ ಈ ನೆಲದ ಅಕ್ಷರವನ್ನೂ ಹುಡುಕಿಕೊಟ್ಟ ಎಂದು ನನಗೆ ಯಾವಾಗಲೂ ಹಿಗ್ಗು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವ ದಾರಿ ತೋರಿಸಿದ್ದ. ಆದರೆ ಮಸ್ಕಿಯ ಶಾಸನ ಸಿಗುವವರೆಗೆ ದೇಶದ ಬಂಡೆ, ಕಂಬಗಳ ಮೇಲೆ ಸಿಕ್ಕ, ಅದನ್ನು ಬರೆಸಿದ ಅರಸನವೇ ಆದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಸಿಂಹಳದ ಹಳೆಯ ಗ್ರಂಥಗಳ ಆಸರೆಯಿಂದ ಪಂಡಿತರು ಇವನು ಅಶೋಕನೇ ಎಂದು ಹೇಳಿದ್ದರು. ಅವನದೇ ಶಾಸನದಲ್ಲಿ ಅವನ ಸ್ವಂತ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಸಿಕ್ಕಿತು. ಮಸ್ಕಿಯಲ್ಲಿ ಅದು ಪ್ರಾಕೃತದ ಬಾಯಿಗೆ ಒಪ್ಪುವಂತೆ ‘ಅಸೋಕ’ ಎಂದೇ ಇದೆ. ಕಲ್ಲು ಕೊರೆದವನು ಅದನ್ನು ಸಂಸ್ಕೃತಕ್ಕೆ ತಿದ್ದಲು ಹೋಗಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳ ಕೊನೆಯಲ್ಲಿ ಬರೆದವನು ತನ್ನ ಹೆಸರನ್ನೂ ಹಾಕಿದ್ದಾನೆ. ಅವನ ಹೆಸರು ಚಪಡ. ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಪರ ಊರಿನಿಂದ ಬಂದಿರಬಹುದಾದ, ನಮ್ಮ ಬಂಡೆಯ ಮೇಲೆ ಕೆಲಸ ಮಾಡಿದ ಆ ಮನುಷ್ಯ ನಿನ್ನ ವೃತ್ತಿಯ ಹಿರಿಯ. ‘ನಾನು ಮಾಡುವುದು ಕಲೆಯಲ್ಲ ಅಪ್ಪಾ, ಬರೀ ಬ್ಯಾನರು’ ಎಂದು ನೀನು ಬೇಸರಿಸಿದಾಗೆಲ್ಲ ನನಗೆ ಅವನು ನೆನಪಾಗುತ್ತಾನೆ. ಇನ್ನೊಬ್ಬರೂ ನೆನಪಾಗುತ್ತಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನು ಬರೆದರು, ಕ್ಯಾಲೆಂಡರುಗಳಿಗೆ ಚಿತ್ರ ಬರೆದರು. ಅವರ ದೇವರುಗಳು ಎಷ್ಟೋ ಮನೆಗಳ ಗೋಡೆ ಸೇರಿದವು. ವ್ಯಾಪಾರದ ಚಿತ್ರ ತಾನೇ ಎಂದು ಅವರು ಕುಂಚ ಸಡಿಲಿಸಲಿಲ್ಲ. ಬೆಂಗಳೂರು ಬಿಟ್ಟು ಹಟ್ಟಿಗೆ ಬಂದು ಸಣ್ಣ ಅಂಗಡಿ ತೆರೆದದ್ದಕ್ಕೆ ನೀನು ಯಾರ ಮುಂದೆಯೂ ದನಿ ತಗ್ಗಿಸಬೇಕಾಗಿಲ್ಲ.

ಈಗ ನಿನ್ನ ಮೇಜಿನ ಕಷ್ಟಕ್ಕೆ ಬರುತ್ತೇನೆ, ಅದು ನನ್ನ ಕಾಲದ ಕಷ್ಟಕ್ಕಿಂತ ಸಿಕ್ಕಾದದ್ದು. ಡಿಟಿಪಿ ಬಂದು ನಾವು ಮೊಳೆಗಳನ್ನು ತೂಕಕ್ಕೆ ಮಾರಿದ ಮೇಲೆ ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂದು ಒಂದೊಂದೇ ಬಂದವು. ಒಂದರಲ್ಲಿ ಟೈಪು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡವೇ ಕಾಣುತ್ತಿರಲಿಲ್ಲ. ಯೂನಿಕೋಡಿನಿಂದ ಆ ಗೋಳು ತೀರಬೇಕಿತ್ತು, ನಿನ್ನಂಥವರಿಗೆ ಪೂರ್ತಿ ತೀರಿಲ್ಲ. ಗಿರಾಕಿ ಮೊಬೈಲಿನಿಂದ ಕಳಿಸುವುದು ಯೂನಿಕೋಡು, ಕೋರೆಲ್‌ಡ್ರಾದಲ್ಲಿ ನೀನು ಬಳಸುವ ಹಳೆಯ ಅಲಂಕಾರದ ಫಾಂಟುಗಳು ಆಸ್ಕಿ. ನಡುವೆ ಒಂದು ಪರಿವರ್ತಕ. ಯೂನಿಕೋಡಿನಲ್ಲಿ ಅರ್ಕಾವತ್ತಿನ ರಕಾರ ಅಕ್ಷರಕ್ಕಿಂತ ಮೊದಲು ಕೂತಿರುತ್ತದೆ, ಹಳೆಯ ಫಾಂಟುಗಳಲ್ಲಿ ಅಕ್ಷರ ಆದ ಮೇಲೆ ಬರುವ ಬೇರೆ ಗುರುತು. ದಾಟಿಸುವಾಗ ಎಡವುವುದು ಅಲ್ಲೇ. ಫೋಟೊಶಾಪಿನಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಹಾಕಿರದಿದ್ದರೆ ಮಸ್ಕಿಯ ಮಲ್ಲಿಕಾರ್ಜುನ ‘ಮಲ್‌ಲಿಕಾರ್‌ಜುನ’ನಾಗಿ ಒಡೆದು ನಿಲ್ಲುತ್ತಾನೆ. ಜಾತ್ರೆಯ ಬ್ಯಾನರುಗಳಲ್ಲಿ ದೇವರ ಹೆಸರನ್ನೇ ಹೀಗೆ ಒಡೆದು ಹಾಕಿದ್ದನ್ನು ಕಂಡು ನನ್ನ ಹೊಟ್ಟೆ ಉರಿದಿದೆ.

ಈಗ ಎಐ ಬಂದಿದೆ. ಅದು ಮಾಡಿಕೊಡುವ ಹಿನ್ನೆಲೆ, ಹೂವು, ಬೆಳಕು ಚೆಂದ. ಅವನ್ನು ಬಳಸಿಕೊ, ಬೇಡ ಎನ್ನುವುದಿಲ್ಲ. ಆದರೆ ಚಿತ್ರದೊಳಗೇ ಕನ್ನಡ ಬರೆಸಲು ಹೋದರೆ ಎಷ್ಟೋ ಸಲ ದೂರದಿಂದ ಕನ್ನಡದಂತೆ ತೋರುವ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲದ ಗೀಟುಗಳು ಬರುತ್ತವೆ. ನಿನ್ನ ಅಂಗಡಿಯ ಹುಡುಗ ಅಂಥದ್ದೊಂದನ್ನು ಗಣೇಶ ಹಬ್ಬದ ಬ್ಯಾನರಿಗೆ ಹಾಕಿ ನನಗೂ ಕಳಿಸಿದ್ದ. ಚಿತ್ರ ಅದು ಬರೆಯಲಿ, ಅಕ್ಷರ ಮಾತ್ರ ನಿನ್ನ ಕೈಯಿಂದಲೇ ಕೂಡಿಸು.

ಫಲಕದ ಕಾನೂನು ನಿನಗೆ ಹೊಸ ಕೆಲಸ ತಂದಿದೆ ಎಂದೆಯಲ್ಲ, ಅದು ಸಂತೋಷದ ಸುದ್ದಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆಗಿ, ಅಂಗಡಿ ಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದಾಯಿತು. ನನ್ನ ಅಪ್ಪನ ಕಾಲಕ್ಕೆ, ಈ ಸೀಮೆಗೆ 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ಸಿಗುವ ಮುಂಚೆ, ನಿಜಾಮರ ಕಚೇರಿಯ ಭಾಷೆ ಉರ್ದು. ನಿಮ್ಮೂರಿನ ಗಣಿ ಕಂಪನಿಯೂ 1947ರಲ್ಲಿ ಶುರುವಾದದ್ದು ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಿಂದ. ನಾಡು ಒಂದಾದ ಮೇಲೆ ಅದು ಹಟ್ಟಿಯ ಹೆಸರು ಪಡೆಯಿತು. ಹಾಗಾಗಿ ನಮ್ಮ ಕಡೆಯ ಒಂದು ಕನ್ನಡ ಫಲಕ ನನ್ನ ಕಣ್ಣಿಗೆ ಬರೀ ಫಲಕವಲ್ಲ. ಆದರೆ ಹೊರ ಊರಿನ ದೊಡ್ಡ ಕಂಪನಿಗಳಿಂದ ಸಿದ್ಧವಾಗಿ ಬರುವ ಫೈಲುಗಳಲ್ಲಿ ಕನ್ನಡದ ಅಳತೆ ಸರಿಯಿದ್ದು ಒತ್ತಕ್ಷರಗಳು ತಪ್ಪಿರುತ್ತವೆ. ಅವರು ಕಳಿಸಿದ್ದಾರೆ ಎಂದು ಹಾಗೇ ಅಚ್ಚು ಹಾಕಬೇಡ. ತಪ್ಪನ್ನು ಗುರುತು ಮಾಡಿ ತಿರುಗಿ ಕಳಿಸು. ಒಂದು ದಿನ ತಡವಾದರೆ ಆಗಲಿ, ಆ ಫಲಕ ವರ್ಷಗಟ್ಟಲೆ ಅಲ್ಲಿರುತ್ತದೆ, ಶಾಲೆಗೆ ಹೋಗುವ ಮಕ್ಕಳು ಅದನ್ನು ದಿನಾ ಓದುತ್ತಾರೆ.

ಫ್ಲೆಕ್ಸಿನ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತು. ರಾಜ್ಯ ಸರ್ಕಾರ 2016ರಲ್ಲೇ ಅದನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದ ತುಂಬ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೂ ನಿಷೇಧವಿದೆ. ಎಲ್ಲರೂ ಮಾಡುತ್ತಾರೆ ಎಂಬುದು ನಿಜ. ಬಟ್ಟೆ ದುಬಾರಿ ಎಂಬುದೂ ನಿಜ. ಆದರೂ ಕೇಳಿದವರಿಗೆ ಮೊದಲು ಬಟ್ಟೆಯನ್ನೇ ತೋರಿಸು.

ಇಷ್ಟೆಲ್ಲ ಸುತ್ತಿ ನಾನು ಹೇಳಬೇಕೆಂದಿರುವುದು ಒಂದೇ. ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಗಿರಾಕಿಯ ಮುಂದೆ ಗಟ್ಟಿಯಾಗಿ ಓದು. ಪರದೆ ಅವರ ಕಡೆ ತಿರುಗಿಸಿ ‘ಸರಿ ಐತಾ ನೋಡ್ರಿ’ ಎಂದರೆ ಸಾಲದು. ಪಾಳಿ ಮುಗಿಸಿ ನೆಲದಾಳದಿಂದ ಮೇಲೆ ಬಂದ ಮನುಷ್ಯನ ಕಣ್ಣಿಗೆ ಆ ಬೆಳಕಿನಲ್ಲಿ ಏನು ಕಾಣುತ್ತದೆ? ಓದು ಬಾರದ ತಾಯಿ ಫೋಟೊ ಸರಿಯಾಗಿದೆಯೋ ಎಂದಷ್ಟೇ ನೋಡುತ್ತಾಳೆ, ನನಗೆ ಓದಲು ಬರದು ಎಂದು ನಿನ್ನ ಮುಂದೆ ಹೇಳಿಕೊಳ್ಳಲು ಆಕೆಗೆ ನಾಚಿಕೆ. ನೀನು ಓದಿದರೆ ಯಾರೂ ನಾಚಬೇಕಾಗಿಲ್ಲ. ಮೊದಲು ಹೆಸರುಗಳು, ಆಮೇಲೆ ತೇದಿ, ವಾರ, ಮುಹೂರ್ತ, ಸ್ಥಳ. ತೇದಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಪಂಚಾಂಗದಲ್ಲೋ ಫೋನಿನಲ್ಲೋ ನೋಡು. ಧ್ವನಿ ಸಂದೇಶದಲ್ಲಿ ಬಂದ ಹೆಸರಾದರೆ ನೀನೂ ಧ್ವನಿಯಲ್ಲೇ ಓದಿ ಕಳಿಸು, ಹೌದು ಎಂಬ ಉತ್ತರ ಬರುವವರೆಗೆ ಫೈಲು ಬಿಡಬೇಡ.

ಸಾವಿನ ಮನೆಯವರು ಬಂದಾಗ ಇನ್ನೂ ನಿಧಾನ ಮಾಡು. ಅವರು ಆ ಹೊತ್ತಿಗೆ ಏನು ಕೇಳಿದರೂ ಹೂಂ ಎನ್ನುತ್ತಾರೆ. ಕೂಡಿಸಿ, ನೀರು ಕೊಟ್ಟು, ‘ಮನ್ಯಾಗ ಅವರನ್ನ ಏನಂತ ಕರಿತಿದ್ರಿ?’ ಎಂದು ಕೇಳು. ಅವರ ಬಾಯಿಂದ ಬಂದ ಹೆಸರನ್ನು ಹಾಗೇ ಬರೆ. ಆಧಾರ್ ಚೀಟಿಯಲ್ಲಿ ಬೇರೆ ಇದ್ದರೆ ಎರಡನ್ನೂ ಹೇಳಿ ಯಾವುದು ಇರಲಿ ಎಂದು ಅವರನ್ನೇ ಕೇಳು, ನೀನು ಆರಿಸಬೇಡ. ಹೀಗೆ ಓದುವುದಕ್ಕೆ ಹಿಡಿಯುವ ಹೊತ್ತು ಒಂದು ಲೋಟ ಚಹಾ ಕುಡಿಯುವಷ್ಟು. ಬೇರೆ ಅಂಗಡಿಯಲ್ಲಿ ಬೇಗ ಕೊಡುತ್ತಾರೆ ಎಂದು ಯಾರಾದರೂ ಎದ್ದು ಹೋದರೆ ಹೋಗಲಿ. ಹೆಸರು ಸರಿಯಾಗಿ ಬೇಕಾದವರು ನಿನ್ನಲ್ಲಿಗೇ ಬರುತ್ತಾರೆ.

ನಿನ್ನ ಅಂಗಡಿಯ ಹುಡುಗನ ಕೈ ಚುರುಕು, ಬಣ್ಣದ ಕಣ್ಣೂ ಇದೆ. ಕಳೆದ ಸಲ ಬಂದಾಗ ಅವನು ಮಾಡಿದ ಜಾತ್ರೆಯ ಕರಪತ್ರ ನೋಡಿ ನನಗೆ ಮೆಚ್ಚಿಕೆಯಾಯಿತು. ಆದರೆ ಗಟ್ಟಿಯಾಗಿ ಓದು ಎಂದರೆ ತಡವರಿಸುತ್ತಾನೆ, ಒತ್ತಕ್ಷರ ಬಂದರೆ ನುಂಗುತ್ತಾನೆ. ಅದು ಅವನ ಶಾಲೆಯಲ್ಲಿ ತಪ್ಪಿಹೋದ ಪಾಠ, ಅವನ ತಪ್ಪಲ್ಲ. ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಗಿರಾಕಿ ಬರುವ ಮುನ್ನ ಅವನಿಗೆ ಪತ್ರಿಕೆ ಕೊಟ್ಟು ಒಂದು ಸುದ್ದಿ ಓದಿಸು. ನಿನ್ನೆಯ ಕರಡುಗಳನ್ನೂ ಓದಿಸು. ತಪ್ಪಿದಲ್ಲಿ ಬೈಯಬೇಡ, ಜೊತೆಗೆ ನೀನೂ ಓದು. ಬೆನ್ನು ಚಪ್ಪರಿಸಿ ಹೇಳುವವರು ಅವನಿಗೆ ಮನೆಯಲ್ಲಿ ಯಾರೂ ಇಲ್ಲ ಎಂದು ನೀನೇ ಹೇಳಿದ್ದೆ. ತಡಮಾಡಬೇಡ ಮಗಳೇ, ಈ ಸೋಮವಾರದಿಂದಲೇ ಅವನನ್ನು ಓದಲು ಕೂಡಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ